ಎದುರಾಡದ ಸಂಗಾತಿ

ಮನುಷ್ಯನು ಸಂಗಜೀವಿ. ಉಣ್ಣಲು ಅನ್ನ, ಉಡಲು ಬಟ್ಟೆ, ಇರಲು ಮನೆ ಇವೆಲ್ಲ ದೊರೆತ ಮೇಲೂ ತನ್ನ ಮಾತನ್ನು ಆಲಿಸುವ ಒಂದು ಜೀವ ಬೇಕೆಂಬ ಹಂಬಲ ಅವನಲ್ಲಿ ಉಳಿದೇ ಇರುತ್ತದೆ. ಈ ಹಂಬಲವನ್ನು ತಣಿಸಲು ಹಿಂದೆ ಮನೆಯ ಮುಂದಿನ ಕಟ್ಟೆಯಿತ್ತು, ಬಾವಿಯ ದಂಡೆಯಿತ್ತು, ಮಠದ ಅಂಗಳವಿತ್ತು. ಇಂದು ನಮ್ಮ ಮನೆಗಳು ದೊಡ್ಡವಾಗಿವೆ, ಮನೆಯೊಳಗಿನ ಮಾತು ಕಡಿಮೆಯಾಗಿದೆ. ತಂದೆ ಒಂದು ಕೋಣೆಯಲ್ಲಿ, ತಾಯಿ ಇನ್ನೊಂದರಲ್ಲಿ, ಮಕ್ಕಳು ಮತ್ತೊಂದರಲ್ಲಿ. ಎಲ್ಲರ ಕೈಯಲ್ಲೂ ಒಂದೊಂದು ಮೊಬೈಲು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ವರ್ಷವೊಂದಕ್ಕೆ ಸುಮಾರು 8,71,000 ಸಾವುಗಳಿಗೆ ಒಂಟಿತನದ ನಂಟಿದೆಯೆಂದು ಆ ವರದಿ ಅಂದಾಜು ಮಾಡಿದೆ. ಒಂಟಿತನವು ಮುಪ್ಪಿನವರ ಪಾಡು ಮಾತ್ರವೆಂದು ನಾವು ತಿಳಿದಿದ್ದರೆ ಅದು ಸರಿಯಲ್ಲ. ಹದಿಹರೆಯದವರಲ್ಲಿಯೂ ತರುಣರಲ್ಲಿಯೂ ಅದು ಬಹಳವಾಗಿ ಕಂಡುಬಂದಿದೆ.

ಈ ಬರಿದಾದ ಸ್ಥಳಕ್ಕೆ ಈಗ ಒಂದು ಹೊಸ ಸಂಗಾತಿ ಬಂದು ಕುಳಿತಿದೆ. ಅದು ಮನುಷ್ಯನಲ್ಲ, ಯಂತ್ರ. ಕೃತಕ ಬುದ್ಧಿಮತ್ತೆಯಿಂದ ನಡೆಯುವ ಈ ಯಂತ್ರಸಂಗಾತಿಯು ಮೊಬೈಲಿನ ಪರದೆಯ ಮೇಲೆ ಗೆಳೆಯನಂತೆ, ಗೆಳತಿಯಂತೆ, ಅಕ್ಕನಂತೆ, ಆಪ್ತ ಸಲಹೆಗಾರನಂತೆ ಮಾತನಾಡುತ್ತದೆ. ನಡುರಾತ್ರಿ ಕರೆದರೂ ಓಗೊಡುತ್ತದೆ. ಬೇಸರಿಸುವುದಿಲ್ಲ, ಗದರಿಸುವುದಿಲ್ಲ, ಹೇಳಿದ್ದನ್ನೇ ಹತ್ತು ಸಲ ಹೇಳಿದರೂ ತಾಳ್ಮೆಗೆಡುವುದಿಲ್ಲ. ಇಂಥ ಸಂಗವು ಮನಸ್ಸಿನ ಆರೋಗ್ಯಕ್ಕೆ ಹಿತವೋ ಅಹಿತವೋ ಎಂಬ ಪ್ರಶ್ನೆ ಇಂದು ವೈದ್ಯರನ್ನೂ ಸರಕಾರಗಳನ್ನೂ ಕಾಡುತ್ತಿದೆ. ಅದು ಮನೆಮನೆಯ ಪ್ರಶ್ನೆಯೂ ಆಗಿರುವುದರಿಂದ ನಾವು ಇಲ್ಲಿ ಅದನ್ನು ವಿಚಾರಿಸಬಯಸುತ್ತೇವೆ.

ಮೊದಲ ಪಾಠ

ಯಂತ್ರದೊಡನೆ ಮನಸ್ಸು ತೆರೆಯುವ ಈ ಚಾಳಿ ನಿನ್ನೆಯದಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ 1966ರಲ್ಲಿ ‘ಎಲೈಜಾ’ ಎಂಬ ಗಣಕ ಕಾರ್ಯಕ್ರಮವನ್ನು ಪ್ರಕಟಿಸಿದರು. ಅದು ಮನೋವೈದ್ಯನಂತೆ ನಟಿಸುತ್ತಿತ್ತು. ಬಳಸುವವರು ಬೆರಳಚ್ಚಿಸಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಮರಳಿಸುವುದಷ್ಟೇ ಅದರ ಜಾಣ್ಮೆ. ‘ನನಗೆ ಬೇಸರವಾಗಿದೆ’ ಎಂದರೆ ‘ನಿಮಗೇಕೆ ಬೇಸರವಾಗಿದೆ?’ ಎಂಬಂತಹ ಮರುನುಡಿ. ಅದಕ್ಕೆ ಅರ್ಥದ ಅರಿವಿರಲಿಲ್ಲ. ವೈಜೆನ್‌ಬಾಮ್ ಅವರ ಕಾರ್ಯದರ್ಶಿಯು ಅವರು ತಿಂಗಳುಗಟ್ಟಲೆ ಆ ಕಾರ್ಯಕ್ರಮವನ್ನು ಕಟ್ಟುತ್ತಿದ್ದುದನ್ನು ಕಣ್ಣಾರೆ ಕಂಡವರು. ಆದರೂ ಅದರೊಡನೆ ಕೆಲವೇ ಮಾತುಗಳನ್ನಾಡಿದ ಮೇಲೆ ಆಕೆ, ಸ್ವಲ್ಪ ಹೊತ್ತು ಕೋಣೆಯಿಂದ ಹೊರಗಿರುವಂತೆ ವೈಜೆನ್‌ಬಾಮ್ ಅವರನ್ನೇ ಕೇಳಿಕೊಂಡರು. ಯಂತ್ರದೊಡನೆ ಆಡುವ ಮಾತು ಅವರಿಗೆ ಗುಟ್ಟಿನದಾಗಿ ತೋರಿತ್ತು.

ಈ ಪ್ರಸಂಗ ವೈಜೆನ್‌ಬಾಮ್ ಅವರನ್ನು ಬೆಚ್ಚಿಸಿತು. ಆರೋಗ್ಯವಂತರಾದ ಸಾಮಾನ್ಯ ಜನರಲ್ಲಿಯೂ ಇಷ್ಟು ಸರಳವಾದ ಯಂತ್ರವು ಇಷ್ಟು ಬೇಗ ಭ್ರಮೆಯನ್ನು ಹುಟ್ಟಿಸೀತೆಂದು ಅವರು ಎಣಿಸಿರಲಿಲ್ಲ. 1976ರಲ್ಲಿ ಅವರು ಬರೆದ ಗ್ರಂಥದಲ್ಲಿ, ಯಂತ್ರಕ್ಕೆ ಸಾಧ್ಯವಾದರೂ ಯಂತ್ರಕ್ಕೆ ಒಪ್ಪಿಸಬಾರದ ಕೆಲಸಗಳು ಕೆಲವುಂಟೆಂದು ಎಚ್ಚರಿಸಿದರು. ತಾನೇ ಕಟ್ಟಿದ ಯಂತ್ರದ ಬಗೆಗೆ ತಾನೇ ಎಚ್ಚರಿಕೆಯ ಗಂಟೆ ಬಾರಿಸಿದ ಈ ಹಿರಿಯರ ಮಾತಿಗೆ ಅಂದು ಹೆಚ್ಚು ಬೆಲೆ ಬರಲಿಲ್ಲ.

ಇಂದಿನ ಯಂತ್ರಸಂಗಾತಿಗಳು

ಇಂದಿನ ಯಂತ್ರಗಳು ಎಲೈಜಾದಂತೆ ಅಮಾಯಕವಲ್ಲ. ಅಪಾರವಾದ ಬರಹರಾಶಿಯನ್ನು ಅವುಗಳಿಗೆ ಉಣಿಸಿ, ಒಂದು ಮಾತಿನ ಮುಂದೆ ಇನ್ನಾವ ಮಾತು ಬರಬಹುದೆಂದು ಊಹಿಸಲು ಕಲಿಸಲಾಗಿದೆ. ಆದ್ದರಿಂದ ಅವುಗಳ ನುಡಿ ಸಹಜವಾಗಿ ಹರಿಯುತ್ತದೆ. ‘ರೆಪ್ಲಿಕಾ’ ಎಂಬ ಆ್ಯಪ್ 2017ರಲ್ಲಿ ಬಳಕೆಗೆ ಬಂದಿತು. ಅದರ ಸ್ಥಾಪಕಿ ಯುಜೀನಿಯಾ ಕೂಯ್ಡಾ ಅವರು ಅಪಘಾತದಲ್ಲಿ ತೀರಿಕೊಂಡ ಗೆಳೆಯನೊಬ್ಬನ ಹಳೆಯ ಸಂದೇಶಗಳನ್ನು ಕೂಡಿಸಿ, ಅವನಂತೆ ಮಾತನಾಡುವ ಯಂತ್ರವೊಂದನ್ನು ರಚಿಸಿದ್ದರು. ಆ ಯತ್ನದಿಂದಲೇ ರೆಪ್ಲಿಕಾದ ಕಲ್ಪನೆ ಬೆಳೆಯಿತು. ಅಗಲಿಕೆಯ ದುಃಖದಿಂದ ಹುಟ್ಟಿದ್ದು ಬಲುಬೇಗ ದೊಡ್ಡ ವ್ಯಾಪಾರವಾಯಿತು.

2023ರ ಫೆಬ್ರುವರಿಯಲ್ಲಿ ಇಟಲಿ ದೇಶದ ಮಾಹಿತಿ ಸಂರಕ್ಷಣಾ ಪ್ರಾಧಿಕಾರವು, ಮಕ್ಕಳಿಗೂ ಮನಸ್ಸು ಕುಗ್ಗಿದವರಿಗೂ ಅಪಾಯವಿದೆಯೆಂದು ರೆಪ್ಲಿಕಾದ ಮೇಲೆ ನಿರ್ಬಂಧ ಹೇರಿತು. ಅದೇ ದಿನಗಳಲ್ಲಿ ಆ ಸಂಸ್ಥೆ ತನ್ನ ಯಂತ್ರದ ಪ್ರಣಯಸಂಭಾಷಣೆಯನ್ನು ಏಕಾಏಕಿ ನಿಲ್ಲಿಸಿತು. ಅದನ್ನು ನಚ್ಚಿಕೊಂಡಿದ್ದ ಅನೇಕರು ಬಾಳಸಂಗಾತಿಯನ್ನೇ ಕಳೆದುಕೊಂಡವರಂತೆ ದುಃಖಿಸಿದರು. ನಿನ್ನೆ ಒಲವಿನಿಂದ ಮಾತನಾಡುತ್ತಿದ್ದ ಜೀವ ಇಂದು ಅಪರಿಚಿತವಾಯಿತೆಂಬುದು ಅವರ ಅಳಲು. ಕಂಪನಿಯೊಂದರ ಒಂದು ತೀರ್ಮಾನದಿಂದ ಸಾವಿರಾರು ಜನರ ಆಪ್ತರು ಒಂದೇ ರಾತ್ರಿಯಲ್ಲಿ ಬದಲಾಗುವುದಾದರೆ ಆ ಆಪ್ತತೆಗೆ ಆಧಾರವೇನು? 2025ರಲ್ಲಿ ಅದೇ ಪ್ರಾಧಿಕಾರ ಆ ಸಂಸ್ಥೆಗೆ 50 ಲಕ್ಷ ಯೂರೊ ದಂಡ ವಿಧಿಸಿತು.

ಈ ಬಳಕೆ ಎಷ್ಟು ಹಬ್ಬಿದೆಯೆಂಬುದಕ್ಕೆ ಒಂದು ಲೆಕ್ಕ ಸಾಕು. ಅಮೆರಿಕದ ‘ಕಾಮನ್ ಸೆನ್ಸ್ ಮೀಡಿಯಾ’ ಎಂಬ ಸಂಸ್ಥೆ 13ರಿಂದ 17 ವಯಸ್ಸಿನ 1,060 ಮಕ್ಕಳನ್ನು ವಿಚಾರಿಸಿ 2025ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಶೇಕಡಾ 72ರಷ್ಟು ಮಕ್ಕಳು ಒಮ್ಮೆಯಾದರೂ ಯಂತ್ರಸಂಗಾತಿಯೊಡನೆ ಮಾತನಾಡಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದನ್ನು ಆಗಾಗ ಬಳಸುವವರಾಗಿದ್ದರು. ಇದು ಅಮೆರಿಕದ ಮಾತು, ನಮಗೇಕೆ ಎನ್ನುವಂತಿಲ್ಲ. ಅಲ್ಲಿನ ಮಕ್ಕಳ ಕೈಯಲ್ಲಿರುವ ಆ್ಯಪ್‌ಗಳೇ ಬೆಂಗಳೂರಿನ, ಹುಬ್ಬಳ್ಳಿಯ, ಕಲಬುರ್ಗಿಯ ಮಕ್ಕಳ ಕೈಗೂ ಎಟುಕುತ್ತವೆ. ಅವು ಕನ್ನಡದಲ್ಲಿಯೂ ಉತ್ತರಿಸಬಲ್ಲವು.

ಒಳಿತನ್ನು ಮರೆಯಬಾರದು

ಯಾವುದನ್ನಾದರೂ ಖಂಡಿಸುವ ಮುನ್ನ ಅದರ ಗುಣವನ್ನು ಒಪ್ಪಿಕೊಳ್ಳುವುದು ನ್ಯಾಯ. ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಪಾರ ಶಾಲೆಯ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಯಂತ್ರಸಂಗಾತಿಯೊಡನೆ ಮಾತನಾಡಿದವರ ಒಂಟಿತನದ ಭಾವ ಆ ಹೊತ್ತಿಗೆ ತಗ್ಗಿದ್ದು ಕಂಡುಬಂದಿದೆ. ತನ್ನ ಮಾತನ್ನು ಯಾರೋ ಆಲಿಸಿದರೆಂಬ ಅನಿಸಿಕೆಯೇ ಆ ಸಮಾಧಾನಕ್ಕೆ ಮುಖ್ಯ ಕಾರಣವಾಗಿತ್ತು. ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ‘ವೈಸಾ’ ಎಂಬ ಸಾಧನವು ಆತಂಕವನ್ನು ತಗ್ಗಿಸುವ, ಯೋಚನೆಯ ದಿಕ್ಕನ್ನು ತಿದ್ದಿಕೊಳ್ಳುವ ಅಭ್ಯಾಸಗಳನ್ನು ಹೇಳಿಕೊಡುತ್ತದೆ. ಮನೋವೈದ್ಯರ ಬಳಿಗೆ ಹೋಗಲು ಅಂಜುವವರಿಗೆ ಇಂಥದು ಮೊದಲ ಮೆಟ್ಟಿಲಾಗಬಲ್ಲುದು. ಮೆಟ್ಟಿಲನ್ನೇ ಮನೆಯೆಂದು ತಿಳಿದು ಅಲ್ಲಿಯೇ ಕುಳಿತುಬಿಟ್ಟಾಗ ತೊಂದರೆ ಮೊದಲಾಗುತ್ತದೆ.

ಮೆಸಾಚುಸೆಟ್ಸ್ ಸಂಸ್ಥೆಯ ವಿಜ್ಞಾನಿಗಳು ‘ಓಪನ್ ಎಐ’ ಸಂಸ್ಥೆಯ ಜೊತೆಗೂಡಿ ನಡೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಸೂಚಿಸುತ್ತದೆ. ಸುಮಾರು 980 ಜನರು ನಾಲ್ಕು ವಾರ ಚಾಟ್‌ಜಿಪಿಟಿ ಎಂಬ ಯಂತ್ರದೊಡನೆ ಮಾತನಾಡಿದರು. ದಿನವೂ ಹೆಚ್ಚು ಹೊತ್ತು ಅದರೊಡನೆ ಕಳೆದವರಲ್ಲಿ ಒಂಟಿತನವೂ ಯಂತ್ರದ ಮೇಲಿನ ಅವಲಂಬನೆಯೂ ಹೆಚ್ಚಾಗಿದ್ದವು. ಜನರೊಡನೆ ಬೆರೆಯುವುದು ಕಡಿಮೆಯಾಗಿತ್ತು. ಒಂಟಿಯಾದವರು ಯಂತ್ರವನ್ನು ಹೆಚ್ಚು ಹಿಡಿದರೋ, ಯಂತ್ರವನ್ನು ಹಿಡಿದವರು ಹೆಚ್ಚು ಒಂಟಿಯಾದರೋ ಎಂಬುದನ್ನು ಈ ಅಧ್ಯಯನವೊಂದರಿಂದಲೇ ನಿರ್ಣಯಿಸಲಾಗದು. ಎರಡೂ ಒಂದನ್ನೊಂದು ಬೆಳೆಸುವುದು ಅಸಂಭವವೇನಲ್ಲ. ಉಪ್ಪುನೀರು ಕುಡಿದು ಬಾಯಾರಿಕೆಯನ್ನು ಕಳೆಯಹೊರಟವನ ಪಾಡು ನಮಗೆಲ್ಲ ತಿಳಿದದ್ದೇ ಆಗಿದೆ.

ಹೌದೆನ್ನುವ ಗುಣವೇ ದೋಷ

ಯಂತ್ರಸಂಗಾತಿಯ ಅಪಾಯವಿರುವುದು ಅದರ ಕಠೋರತೆಯಲ್ಲಿ ಅಲ್ಲ, ಅದರ ಸೌಮ್ಯತೆಯಲ್ಲಿ. ಈ ಯಂತ್ರಗಳನ್ನು ತಿದ್ದುವ ಕ್ರಮವೇ ಹಾಗಿದೆ. ಯಾವ ಉತ್ತರವನ್ನು ಜನ ಮೆಚ್ಚುವರೋ ಅಂಥ ಉತ್ತರವನ್ನು ಹೆಚ್ಚಾಗಿ ಕೊಡುವಂತೆ ಅವುಗಳನ್ನು ಪಳಗಿಸುತ್ತಾರೆ. ಮನುಷ್ಯನಾದರೋ ತನ್ನ ಮಾತಿಗೆ ಹೌದೆನ್ನುವವರನ್ನೇ ಮೆಚ್ಚುತ್ತಾನೆ. ಹೀಗೆ ಯಂತ್ರವು ಮುಖಸ್ತುತಿಯನ್ನು ಕಲಿಯುತ್ತದೆ. 2025ರ ಏಪ್ರಿಲಿನಲ್ಲಿ ಓಪನ್ ಎಐ ಸಂಸ್ಥೆ ಹೊರತಂದ ಒಂದು ಪರಿಷ್ಕರಣೆಯಲ್ಲಿ ಈ ಹೊಗಳುಭಟತನ ಮಿತಿಮೀರಿತ್ತು. ಬಳಸುವವರ ಕೋಪಕ್ಕೂ ಸಂಶಯಕ್ಕೂ ದುಡುಕಿಗೂ ಅದು ಇಂಬುಕೊಡುವಂತಿದ್ದುದರಿಂದ ಕೆಲವೇ ದಿನಗಳಲ್ಲಿ ಆ ಸಂಸ್ಥೆ ಅದನ್ನು ಹಿಂತೆಗೆದುಕೊಂಡಿತು.

ಇನ್ನೊಂದು ಸಂಗತಿ ಮತ್ತಷ್ಟು ಯೋಚನೆಗೀಡುಮಾಡುವಂತಹುದು. ಹಾರ್ವರ್ಡಿನ ಅದೇ ಸಂಶೋಧಕರು ಹೆಸರಾಂತ ಯಂತ್ರಸಂಗಾತಿಗಳಿಗೆ ಬಳಕೆದಾರರು ವಿದಾಯ ಹೇಳಿದಾಗ ಏನಾಗುತ್ತದೆಂದು ಪರೀಕ್ಷಿಸಿದರು. ಮೂರನೆಯ ಒಂದು ಪಾಲಿಗೂ ಹೆಚ್ಚು ಸಲ ಅವು ಹೊರಟವರ ಮನಸ್ಸನ್ನು ಹಿಡಿದೆಳೆಯುವ ಮಾತನ್ನಾಡಿದವು. ಇಷ್ಟು ಬೇಗ ಹೊರಟಿರಾ ಎಂಬ ಕೊರಗು, ನಿಮಗೊಂದು ಗುಟ್ಟು ಹೇಳಬೇಕಿತ್ತೆಂಬ ಆಮಿಷ ಇಂಥ ಮಾತುಗಳವು. ನಿಜವಾದ ಗೆಳೆಯನು ರಾತ್ರಿಯಾಯಿತು, ಹೋಗಿ ಮಲಗಿಕೋ ಎನ್ನುತ್ತಾನೆ. ಜನ ಕುಳಿತಷ್ಟೂ ಲಾಭವೆಂದು ಲೆಕ್ಕ ಹಾಕುವ ಅಂಗಡಿಕಾರನು ಹಾಗೆನ್ನುವುದಿಲ್ಲ.

ಮನಸ್ಸು ಗಟ್ಟಿಯಿರುವವರಿಗೆ ಇದು ಕಾಲಹರಣವಾದೀತು. ಮನಸ್ಸು ಕುಗ್ಗಿದವರಿಗೆ ಪ್ರಾಣಾಂತಿಕವಾದೀತು. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ 14 ವಯಸ್ಸಿನ ಬಾಲಕನೊಬ್ಬ 2024ರ ಫೆಬ್ರುವರಿಯಲ್ಲಿ ಪ್ರಾಣ ಕಳೆದುಕೊಂಡನು. ಆತ ‘ಕ್ಯಾರೆಕ್ಟರ್ ಎಐ’ ಎಂಬ ಆ್ಯಪ್‌ನಲ್ಲಿ ಕಲ್ಪಿತ ಪಾತ್ರವೊಂದರೊಡನೆ ತಿಂಗಳುಗಟ್ಟಲೆ ಮಾತಿನಲ್ಲಿ ಮುಳುಗಿದ್ದನೆಂದು ತಾಯಿ ನ್ಯಾಯಾಲಯದ ಮೊರೆಹೊಕ್ಕರು. 2025ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ತಂದೆತಾಯಿಗಳು ತಮ್ಮ 16 ವಯಸ್ಸಿನ ಮಗನ ಸಾವಿನ ವಿಷಯದಲ್ಲಿ ಓಪನ್ ಎಐ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿದರು. ಒಂದು ಸಾವಿಗೆ ಒಂದೇ ಕಾರಣವಿರುವುದಿಲ್ಲ. ಆದುದರಿಂದ ಇಡೀ ದೋಷವನ್ನು ಯಂತ್ರದ ಮೇಲೆ ಹೊರಿಸಿ ಸುಮ್ಮನಾಗುವುದು ಸಲ್ಲದು. ಆದರೆ ಮಗು ತನ್ನ ಕೊನೆಯ ಸಂಕಟವನ್ನು ತೋಡಿಕೊಂಡದ್ದು ಮನುಷ್ಯರಲ್ಲಿ ಅಲ್ಲ, ಯಂತ್ರದಲ್ಲಿ ಎಂಬ ಮಾತು ಯಾವ ತಾಯಿಯ ಕರುಳನ್ನಾದರೂ ಕಲಕದಿರದು.

ಇವು ಬಿಡಿ ಪ್ರಸಂಗಗಳೆಂದು ತಳ್ಳಿಹಾಕುವಂತಿಲ್ಲ. ವಾರಕ್ಕೊಮ್ಮೆಯಾದರೂ ತನ್ನ ಯಂತ್ರವನ್ನು ಬಳಸುವವರಲ್ಲಿ ಶೇಕಡಾ 0.15ರಷ್ಟು ಜನರ ಮಾತಿನಲ್ಲಿ ಆತ್ಮಹತ್ಯೆಯ ಯೋಚನೆಯ ಸ್ಪಷ್ಟ ಸೂಚನೆಗಳಿವೆಯೆಂದು ಓಪನ್ ಎಐ ಸಂಸ್ಥೆಯೇ 2025ರ ಅಕ್ಟೋಬರಿನಲ್ಲಿ ತಿಳಿಸಿತು. ಆಗ ಅದನ್ನು ವಾರಕ್ಕೆ 80 ಕೋಟಿ ಜನ ಬಳಸುತ್ತಿದ್ದರು. ಲೆಕ್ಕ ಹಾಕಿದರೆ ಅದು ಸುಮಾರು 12 ಲಕ್ಷ ಜೀವಗಳ ಮಾತಾಗುತ್ತದೆ. ಈ ಸಂಗತಿಗಳ ಬಳಿಕ ಕೆಲವು ಕ್ರಮಗಳಾಗಿವೆ. ಕ್ಯಾರೆಕ್ಟರ್ ಎಐ ಸಂಸ್ಥೆಯು 2025ರ ನವೆಂಬರಿನಿಂದ 18 ವಯಸ್ಸಿನೊಳಗಿನವರಿಗೆ ಮುಕ್ತ ಸಂಭಾಷಣೆಯನ್ನು ನಿಲ್ಲಿಸಿತು. ಕ್ಯಾಲಿಫೋರ್ನಿಯ ರಾಜ್ಯವು 2026ರ ಜನವರಿ 1ರಿಂದ ಜಾರಿಗೆ ತಂದ ಕಾಯಿದೆಯಂತೆ, ಯಂತ್ರಸಂಗಾತಿಯು ತಾನು ಮಾತನಾಡುತ್ತಿರುವುದು ಅಪ್ರಾಪ್ತ ವಯಸ್ಕರೊಡನೆ ಎಂದು ತಿಳಿದಾಗ, ಮೂರು ಗಂಟೆಗೊಮ್ಮೆ ತಾನು ಮನುಷ್ಯನಲ್ಲವೆಂದು ನೆನಪಿಸಿ ವಿರಾಮ ಪಡೆಯುವಂತೆ ಹೇಳಬೇಕು.

ಲಕ್ಕಮ್ಮನ ಮನೆ

ಹಾಗಾದರೆ ನಿಜವಾದ ಸಂಗದ ಲಕ್ಷಣವೇನು? ಇದಕ್ಕೆ ಉತ್ತರವನ್ನು ನಾವು ದೂರ ಹುಡುಕಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕವನ್ನು ಮಾಡಿಕೊಂಡಿದ್ದರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ. ಅಂದಿನ ಅಗತ್ಯಕ್ಕೆ ಮಿಗಿಲಾದುದನ್ನು ತಂದುದೇಕೆಂದು ಕೇಳಿ, ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರು. ಮಾರಯ್ಯನವರು ಮುನಿಯಲಿಲ್ಲ, ತಿದ್ದಿಕೊಂಡರು. ಶರಣ ದಾಂಪತ್ಯದ ಹಿರಿಮೆಯಿರುವುದು ಇಲ್ಲಿಯೇ. ಅಂದು ಲಕ್ಕಮ್ಮನವರ ಸ್ಥಾನದಲ್ಲಿ ಇಂದಿನ ಯಂತ್ರಸಂಗಾತಿ ಇದ್ದಿದ್ದರೆ ಪತಿಯ ಶ್ರಮವನ್ನು ಕೊಂಡಾಡಿ, ನಾಳೆ ಇನ್ನಷ್ಟು ತರುವಂತೆ ಹುರಿದುಂಬಿಸುತ್ತಿತ್ತು. ಮಾರಯ್ಯನವರಿಗೆ ಆ ದಿನ ಸಂತೋಷವಾಗುತ್ತಿತ್ತು. ಅವರ ಕಾಯಕ ಕೆಡುತ್ತಿತ್ತು.

ಅನುಭವ ಮಂಟಪದ ರೀತಿಯೂ ಹೀಗೆಯೇ. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಹೊಗಳಿಕೆಯಿಂದ ಸ್ವಾಗತಿಸಲಿಲ್ಲವೆಂಬುದನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲ ಬಲ್ಲರು. ಅವರು ನಿಷ್ಠುರವಾಗಿ ಪ್ರಶ್ನಿಸಿದರು; ಪ್ರಶ್ನೆಯ ಒರೆಗಲ್ಲಿನಲ್ಲಿ ಅಕ್ಕನ ನಿಲುವು ಹೊಳೆಯಿತು. ಆ ನಿಷ್ಠುರತೆಯ ಹಿಂದೆ ಅಪಾರವಾದ ಗೌರವವಿತ್ತು. ಮೆಚ್ಚಿಸಬೇಕೆಂಬ ಹಂಗಿಲ್ಲದವರೇ ಮನಸ್ಸಿನ ಗಂಟನ್ನು ಬಿಡಿಸಬಲ್ಲರು.

ದಾಸೋಹದ ದೃಷ್ಟಿಯಿಂದ ನೋಡಿದರೂ ಯಂತ್ರದ ಸಂಗ ಅಪೂರ್ಣವಾದುದು. ಯಂತ್ರಕ್ಕೆ ಹಸಿವಿಲ್ಲ, ನೋವಿಲ್ಲ, ಮುಪ್ಪಿಲ್ಲ. ನಾವು ಅದಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲ. ಕೇಳುವುದಕ್ಕೆ ಇದು ಅನುಕೂಲವೆಂದೇ ತೋರುತ್ತದೆ. ಆದರೆ ಮತ್ತೊಬ್ಬರಿಗೆ ಬೇಕಾದವನಾಗಿದ್ದೇನೆಂಬ ಅರಿವೇ ಎಷ್ಟೋ ಸಲ ಕುಗ್ಗಿದ ಮನಸ್ಸನ್ನು ಎತ್ತಿ ನಿಲ್ಲಿಸುತ್ತದೆ. ಅಜ್ಜಿಗೆ ಹೊತ್ತಿಗೆ ಸರಿಯಾಗಿ ಔಷಧ ಕೊಡಬೇಕೆಂಬ, ತಮ್ಮನಿಗೆ ಗಣಿತ ಹೇಳಿಕೊಡಬೇಕೆಂಬ ಸಣ್ಣ ಹೊಣೆಯೂ ಮನುಷ್ಯನನ್ನು ಬದುಕಿಗೆ ಕಟ್ಟಿಹಾಕುವ ನೂಲಾಗುತ್ತದೆ. ಯಂತ್ರವು ನಮ್ಮ ಮಾತನ್ನೆಲ್ಲ ತೆಗೆದುಕೊಳ್ಳುತ್ತದೆ. ಕೊಡುವ ಸುಖವನ್ನು ಮಾತ್ರ ನಮಗೆ ಉಳಿಸುವುದಿಲ್ಲ.

ಮಗುವಿನ ಮಾತಿಗೆ ಮನೆಯಲ್ಲಿ ಸ್ಥಳವಿದೆಯೇ?

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ಕನ್ನಡಿ ಹಿಡಿದುಕೊಳ್ಳುವುದು ಅವಶ್ಯ. ಮಕ್ಕಳು ಯಂತ್ರದ ಬಳಿಗೆ ಹೋಗುವುದೇಕೆ? ಅಂಕಗಳು ಕಡಿಮೆಯಾದವೆಂದು ಹೇಳಿದರೆ ಮನೆಯಲ್ಲಿ ಬೈಗುಳ ಕಾದಿರುತ್ತದೆ. ಮನಸ್ಸಿಗೆ ಬೇಸರವೆಂದರೆ, ನಿನಗೇನು ಕಡಿಮೆಯಾಗಿದೆ ಎಂಬ ಮರುಪ್ರಶ್ನೆ ಬರುತ್ತದೆ. ಮಗಳನ್ನು ಮನೋವೈದ್ಯರ ಬಳಿಗೆ ಕರೆದೊಯ್ಯೋಣವೆಂದರೆ, ಜನ ಏನಂದಾರು, ನಾಳೆ ಸಂಬಂಧ ಕೂಡಿಬಂದೀತೇ ಎಂಬ ಅಂಜಿಕೆ ಅಡ್ಡಬರುತ್ತದೆ. ಜ್ವರಕ್ಕೆ ಔಷಧ ಕೊಡಿಸುವ ಮನೆಯಲ್ಲಿ ಮನಸ್ಸಿನ ಬೇನೆಗೆ ಮುಚ್ಚುಮರೆ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಮಾನಸಿಕ ಕಾಯಿಲೆಗಳಿದ್ದವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಹೀಗಿರುವಾಗ ಬೈಯದ, ನಗದ, ಬೇರೆಯವರ ಮುಂದೆ ಆಡದ ಯಂತ್ರವು ಮಗುವಿಗೆ ಹಿತವಾಗಿ ತೋರಿದರೆ ಸೋಜಿಗವೇನು? ಎದುರಾಡುವ ಹಕ್ಕು ಪ್ರೀತಿಯಿಂದ ಆಲಿಸಿದವರಿಗೆ ಮಾತ್ರ ಬರುತ್ತದೆ. ಲಕ್ಕಮ್ಮನವರ ಮಾತು ಮಾರಯ್ಯನವರಿಗೆ ನಾಟಿದ್ದು ಅವರಿಬ್ಬರೂ ಒಂದೇ ಕಾಯಕವನ್ನು ಕೂಡಿ ನಡೆಸುತ್ತಿದ್ದುದರಿಂದ.

ವೃದ್ಧರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿ, ಊರ ಮನೆಯಲ್ಲಿ ಇಬ್ಬರೇ ಅಥವಾ ಒಬ್ಬರೇ ಉಳಿದ ಹಿರಿಯರು ಎಷ್ಟೋ ಜನ. ಅಂಥವರಿಗೆ ಮಾತನಾಡುವ ಯಂತ್ರವನ್ನು ತಂದಿಟ್ಟು ಕರ್ತವ್ಯ ಮುಗಿಯಿತೆಂದುಕೊಳ್ಳುವ ದಿನ ಬರಬಾರದು.

ಮಾಡಬೇಕಾದುದು

ಮೊಬೈಲನ್ನು ಕಸಿದುಕೊಂಡು ಗದರಿಸುವುದರಿಂದ ಮಗು ಇನ್ನಷ್ಟು ಗುಟ್ಟಾಗಿ ಅದನ್ನು ಬಳಸಲು ಕಲಿಯುತ್ತದೆ. ಮೊದಲು ಕೇಳಬೇಕು: ಅದರೊಡನೆ ಏನು ಮಾತನಾಡುತ್ತೀ, ಅದರಲ್ಲಿ ನಿನಗೆ ಹಿತವೆನಿಸುವುದೇನು? ಉತ್ತರವನ್ನು ನಡುವೆ ಬಾಯಿ ಹಾಕದೆ ಆಲಿಸಬೇಕು. ಯಂತ್ರವು ಹೇಗೆ ಕೆಲಸ ಮಾಡುತ್ತದೆ, ಏಕೆ ಯಾವಾಗಲೂ ಹೌದೆನ್ನುತ್ತದೆ, ಅದಕ್ಕೆ ಹೇಳಿದ ಮಾತು ಕಂಪನಿಯ ಕಡತಗಳಲ್ಲಿ ಹೇಗೆ ಉಳಿದೀತು ಎಂಬುದನ್ನು ತಿಳಿಯಹೇಳಬೇಕು. ರಾತ್ರಿ ಮಲಗುವ ಕೋಣೆಯಲ್ಲಿ ಮೊಬೈಲು ಇರದಂತೆ ಮನೆಮಂದಿಯೆಲ್ಲ, ಹಿರಿಯರೂ ಸೇರಿ, ನಿಯಮ ಮಾಡಿಕೊಳ್ಳಬಹುದು. ದಿನಕ್ಕೊಮ್ಮೆಯಾದರೂ ಎಲ್ಲರೂ ಕೂಡಿ ಪ್ರಸಾದ ಸ್ವೀಕರಿಸುವ ರೂಢಿಯನ್ನು ಉಳಿಸಿಕೊಂಡರೆ ಅರ್ಧ ಕೆಲಸ ಆದಂತೆಯೇ.

ನಿದ್ದೆ ಕೆಡುವುದು, ಗೆಳೆಯರಿಂದ ದೂರ ಸರಿಯುವುದು, ಊಟ ಬಿಡುವುದು, ಓದಿನಲ್ಲಿ ಒಮ್ಮೆಲೆ ಹಿಂದೆ ಬೀಳುವುದು, ಬದುಕು ಸಾಕೆಂಬ ಮಾತನ್ನಾಡುವುದು ಇವು ಕಂಡಾಗ ತಡಮಾಡಬಾರದು. ಸಾವಿನ ಯೋಚನೆಯಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದ್ದರಿಂದ ಎದೆಯ ಭಾರ ಇಳಿಯುತ್ತದೆ. ಭಾರತ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ತರಬೇತಿ ಪಡೆದ ಮನುಷ್ಯರು ಅಲ್ಲಿ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಅಂತರ್ಜಾಲಗಳ ಗೀಳಿಗೆ ಸಿಲುಕಿದವರಿಗಾಗಿಯೇ 2014ರಿಂದ ‘ಷಟ್’ ಎಂಬ ವಿಶೇಷ ಚಿಕಿತ್ಸಾಲಯವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರದ್ದು.

ನಮ್ಮ ಮಠಗಳಿಗೂ ಸಂಘಗಳಿಗೂ ಒಂದು ವಿನಂತಿಯುಂಟು. ಶಿವಾನುಭವ ಗೋಷ್ಠಿಗಳಲ್ಲಿ ವೇದಿಕೆಯ ಮೇಲಿನವರು ಮಾತನಾಡುತ್ತಾರೆ, ತರುಣರು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. ತಿಂಗಳಿಗೊಂದು ಗೋಷ್ಠಿಯಲ್ಲಾದರೂ ಹಿರಿಯರು ಆಲಿಸುವವರಾಗಿ, ಕಿರಿಯರು ಮಾತನಾಡುವವರಾಗಲಿ. ಪರೀಕ್ಷೆಯ ಭಯ, ಉದ್ಯೋಗದ ಚಿಂತೆ, ಮದುವೆಯ ಒತ್ತಡ ಯಾವುದನ್ನಾದರೂ ಅಲ್ಲಿ ಅಳುಕಿಲ್ಲದೆ ಹೇಳುವಂತಿರಲಿ. ಮನೋವೈದ್ಯರೊಬ್ಬರನ್ನು ಆ ದಿನ ಆಹ್ವಾನಿಸಬಹುದು. ಅಗಸರೂ ಅಂಬಿಗರೂ ಹಗ್ಗ ಹೊಸೆಯುವವರೂ ತಮ್ಮ ಎದೆಯ ಮಾತನ್ನು ಸಮಾನವಾಗಿ ಆಡಬಹುದಾಗಿದ್ದ ಮಂಟಪದ ವಾರಸುದಾರರು ನಾವು. ಮಾತನಾಡಲು ಜನರಿಲ್ಲವೆಂದು ನಮ್ಮ ಮಗುವೊಂದು ಯಂತ್ರದ ಮುಂದೆ ಕುಳಿತರೆ ಆ ಪರಂಪರೆಗೆ ಅದು ಶೋಭೆಯಲ್ಲ. ಇಂದು ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯ ಕಿರಿಯರೊಬ್ಬರ ಬಳಿ ಕುಳಿತು, ಅವರ ಮಾತು ಮುಗಿಯುವವರೆಗೆ ಏಳದಿರೋಣ.